ಅತಿಭಾರವೂ ಅನ್ನನಿರೋಧವೂ

ಗೃಹಸ್ಥನ ಅಹಿಂಸಾಣುವ್ರತಕ್ಕೆ ಶಾಸ್ತ್ರಕಾರರು ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು ಬಂಧ, ಹೊಡೆಯುವುದು ವಧ, ಅಂಗವನ್ನು ಕತ್ತರಿಸುವುದು ಛೇದ, ಶಕ್ತಿ ಮೀರಿ ಹೊರೆ ಹೇರುವುದು ಅತಿಭಾರಾರೋಪಣ, ಹೊತ್ತಿಗೆ ಸರಿಯಾಗಿ ಅನ್ನನೀರು ಕೊಡದಿರುವುದು ಅನ್ನಪಾನನಿರೋಧ. ಪ್ರವಚನಗಳಲ್ಲಿ ಇವಕ್ಕೆ ಉದಾಹರಣೆಯಾಗಿ ಬರುವುದು ಗಾಡಿಯ ಎತ್ತು, ಕೊಟ್ಟಿಗೆಯ ಹಸು. ಎತ್ತಿನ ಗಾಡಿಗಳೇ ಅಪರೂಪವಾದ ಈ ಕಾಲದಲ್ಲಿ ಕೊನೆಯ ಎರಡು ಅತಿಚಾರಗಳು ತಮ್ಮ ಮನೆಗೆ ಸಂಬಂಧಿಸಿದವಲ್ಲವೆಂದು ಶ್ರಾವಕರು ಭಾವಿಸುವುದು ಸಹಜ. ಆದರೆ ಕುಂದಾಪುರದ ಒಂದು ವ್ಯಾಪಾರಸ್ಥ ಕುಟುಂಬಕ್ಕೆ 2019ರಲ್ಲಿ ಇವೆರಡೂ ಮನೆಯೊಳಗೇ ಎದುರಾದವು. ಒಂದು ಪ್ರೀತಿಯ ರೂಪದಲ್ಲಿ ಬಂದಿತು, ಇನ್ನೊಂದು ಭಕ್ತಿಯ ರೂಪದಲ್ಲಿ.

ಆ ಮನೆಯ ಸೊಸೆಗೆ ಅದು ಚೊಚ್ಚಲ ಗರ್ಭ. ಏಳನೆಯ ತಿಂಗಳು ಹಿಡಿದಾಗ, ಆ ವರ್ಷದ ಜುಲೈಯಲ್ಲಿ, ಆಸ್ಪತ್ರೆಯಲ್ಲಿ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಯ ಬಳಿಕ ರಕ್ತ ಪರೀಕ್ಷಿಸಿದರು. 140 ಮಿಲಿಗ್ರಾಂ ಮುಟ್ಟಿದರೆ ಗರ್ಭಕಾಲದ ಮಧುಮೇಹವೆಂದು ಲೆಕ್ಕ. ಆಕೆಗೆ 168 ಇತ್ತು. ಕೇಂದ್ರ ಆರೋಗ್ಯ ಸಚಿವಾಲಯವು 2014ರಲ್ಲಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಈ ಪರೀಕ್ಷೆಯನ್ನು ಎಲ್ಲ ಗರ್ಭಿಣಿಯರಿಗೂ ಮಾಡಬೇಕು: ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ. ಆಕೆಯ ಮೊದಲ ಪರೀಕ್ಷೆಯಲ್ಲಿ ದೋಷವಿರಲಿಲ್ಲ. ಆದ್ದರಿಂದ ಎರಡನೆಯದು ಮನೆಯವರಿಗೆ ಸಿಡಿಲಿನಂತೆ ಎರಗಿತು.

ಇದು ಯಾರ ತಪ್ಪಿನ ಫಲವೂ ಅಲ್ಲ. ಗರ್ಭ ಬೆಳೆದಂತೆ ಮಾಸಿನಲ್ಲಿ ಹುಟ್ಟುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಬಲವನ್ನು ಕುಗ್ಗಿಸುತ್ತವೆ. ಆ ಕೊರತೆಯನ್ನು ತುಂಬುವಷ್ಟು ಇನ್ಸುಲಿನ್ನನ್ನು ಮೇದೋಜೀರಕ ಗ್ರಂಥಿಯು ಒದಗಿಸಲಾರದೆ ಹೋದಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮುಖ್ಯವಾದ ಸಂಗತಿ ಮುಂದಿನದು. ತಾಯಿಯ ರಕ್ತದ ಸಕ್ಕರೆ ಮಾಸನ್ನು ದಾಟಿ ಮಗುವನ್ನು ಸೇರುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಬಂದ ಸಕ್ಕರೆಯನ್ನು ನಿಭಾಯಿಸಲು ಮಗುವಿನ ಎಳೆಯ ಗ್ರಂಥಿಯೇ ದುಡಿಯಬೇಕು. ಅದರಿಂದ ಮಗು ಅಳತೆ ಮೀರಿ ಬೆಳೆಯುತ್ತದೆ, ಹೆರಿಗೆ ಕಷ್ಟವಾಗುತ್ತದೆ. ಹುಟ್ಟಿದ ಕೂಡಲೇ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಂತುಹೋದರೂ ಮಗುವಿನ ಇನ್ಸುಲಿನ್ ಹೆಚ್ಚಾಗಿಯೇ ಇರುವುದರಿಂದ ಅದರ ರಕ್ತದಲ್ಲಿ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ಹೊರೆ ಹೊತ್ತವನಿಗೆ ಬೇಡವೆನ್ನಲು ಬಾಯಿಯೂ ಇಲ್ಲದ ಸ್ಥಿತಿಯಿದು.

ಆಹಾರತಜ್ಞೆ ಕೊಟ್ಟ ಪಟ್ಟಿಯಲ್ಲಿ ಮೊಟ್ಟೆ, ಮೀನು, ಕ್ಯಾರೆಟ್ ಎಲ್ಲವೂ ಇದ್ದವು. ಅತ್ತೆಯವರು ಪಟ್ಟಿಯನ್ನು ಮಡಚಿಟ್ಟರು. ಮಾವನವರು ಮಾತ್ರ ಅದನ್ನು ಬಿಡಿಸಿ, ಅಂಗಡಿಯ ರೋಕಡ ಪುಸ್ತಕದಂತಹ ಒಂದು ಹೊಸ ಪುಸ್ತಕಕ್ಕೆ ಗೆರೆ ಹಾಕಿದರು. ಬೆಳಗಿನ ಬರಿಹೊಟ್ಟೆಯ ಅಂಕಿ 95ರೊಳಗೆ, ಊಟವಾದ ಎರಡು ಗಂಟೆಯ ಬಳಿಕ 120ರೊಳಗೆ. ತಿಂದದ್ದು ಎಡಗಡೆ, ಅಂಕಿ ಬಲಗಡೆ. ಒಂದು ವಾರದಲ್ಲಿ ಲೆಕ್ಕ ತಾನೇ ಮಾತಾಡಿತು. ನಾಲ್ಕು ನೀರುದೋಸೆ ತಿಂದ ದಿನ ಅಂಕಿ ಏರಿತು. ಎರಡೇ ದೋಸೆಯ ಜೊತೆಗೆ ಗಟ್ಟಿ ಹೆಸರುಬೇಳೆ ತೊವ್ವೆ ತಿಂದ ದಿನ ಇಳಿಯಿತು. ಕುಚ್ಚಲಕ್ಕಿ ಗಂಜಿಯಾದರೂ ಬಟ್ಟಲು ತುಂಬಿದರೆ ಅಕ್ಕಿಯೇ. ಅಲಸಂಡೆ, ತೊಂಡೆ, ಹೀರೆ, ಹಾಗಲದ ಪಲ್ಯ, ಹುರುಳಿ ಸಾರು, ನಡುಹೊತ್ತಿಗೆ ಹುರಿದ ಕಡಲೆ ಅಥವಾ ಹಾಲು, ಹೀಗೆ ಮೂರು ಊಟವನ್ನು ಆರು ಪಾಲು ಮಾಡಲಾಯಿತು. ಕಂದಮೂಲ ತ್ಯಾಗವು ಇಲ್ಲಿ ಅಡ್ಡಿಯಾಗಲಿಲ್ಲ. ಬಟಾಟೆ, ಗೆಣಸುಗಳು ಆ ಮನೆಯ ಒಲೆ ಏರುವವೇ ಅಲ್ಲ. ಅವನ್ನು ಬಿಡಿಸುವ ಕಷ್ಟ ವೈದ್ಯರಿಗೆ ಉಳಿಯಿತು. ಬೇಳೆಯನ್ನೂ ಮೊಸರನ್ನೂ ಕೂಡಿಸಬಾರದೆಂಬ ದ್ವಿದಳ ನಿಯಮಕ್ಕೂ ದಾರಿ ಸಿಕ್ಕಿತು: ಒಂದು ಹೊತ್ತಿಗೆ ಬೇಳೆ, ಇನ್ನೊಂದು ಹೊತ್ತಿಗೆ ಮೊಸರು.

ಶ್ರಾವಣದಲ್ಲಿ ಸೀಮಂತವಾಯಿತು. ಸೊಸೆಯನ್ನು ಬೈಂದೂರಿನ ತವರಿಗೆ ಕರೆದೊಯ್ದರು. ತಾಯಿಯ ಮನೆಯಲ್ಲಿ ಪುಸ್ತಕ ಪೆಟ್ಟಿಗೆ ಸೇರಿತು. ಬಯಕೆಯ ಹುಡುಗಿಗೆ ಇಲ್ಲವೆನ್ನುವುದು ಹೇಗೆ? ಕಾಯಿಹೋಳಿಗೆ, ಎಳ್ಳುಂಡೆ, ಹೆಸರುಬೇಳೆ ಪಾಯಸಗಳು ನೆರೆಮನೆಗಳಿಂದಲೂ ಬಂದವು. "ಇದು ಬೆಲ್ಲದ್ದು ಮಗಾ, ಸಕ್ಕರೆಯದ್ದಲ್ಲ" ಎಂದು ತಾಯಿ ಬಡಿಸಿದರು. ಬೆಲ್ಲವೂ ರಕ್ತದಲ್ಲಿ ಸಕ್ಕರೆಯೇ ಆಗುತ್ತದೆಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ವಾರದ ಬಳಿಕ ಊಟದ ನಂತರದ ಅಂಕಿ 170 ದಾಟಿತ್ತು, ಮಗುವಿನ ಹೊಟ್ಟೆಯ ಸುತ್ತಳತೆ ತಿಂಗಳಿಗೆ ಮೀರಿ ಬೆಳೆದಿತ್ತು. ಪ್ರೀತಿಯ ಕೈಯೇ ಹೇರಿದ ಅತಿಭಾರವದು. ಪಥ್ಯವೊಂದೇ ಇನ್ನು ಸಾಲದೆಂದು ವೈದ್ಯರು ಇನ್ಸುಲಿನ್ ಚುಚ್ಚುಮದ್ದನ್ನು ಆರಂಭಿಸಿದರು. ಆಸ್ಪತ್ರೆ ಹತ್ತಿರವಿರಲೆಂದು ಆಕೆ ಕುಂದಾಪುರಕ್ಕೆ ಮರಳಿದಳು.

ಈಗ ಮನೆಯಲ್ಲಿ ಎರಡನೆಯ ಕಳವಳ ಹುಟ್ಟಿತು. ಇನ್ಸುಲಿನ್ ಎಂದರೆ ಪ್ರಾಣಿಯ ಗ್ರಂಥಿಯಿಂದ ತೆಗೆದದ್ದಲ್ಲವೇ? ಅತ್ತೆಯವರ ಈ ಪ್ರಶ್ನೆ ಹುಸಿಯಾಗಿರಲಿಲ್ಲ. ಬ್ರಹ್ಮಾವರಕ್ಕೆ ಮದುವೆಯಾಗಿ ಹೋದ ಮಾವನವರ ಅಕ್ಕ, ಮನೆಮಂದಿಗೆಲ್ಲ ದೊಡ್ಡತ್ತೆ, 1978ರಲ್ಲಿ ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ ಇದೇ ಪ್ರಶ್ನೆ ಕೇಳಿದ್ದರು. ಟೊರಾಂಟೊ ನಗರದಲ್ಲಿ 1921ರಲ್ಲಿ ಕಂಡುಹಿಡಿದು, 1922ರ ಜನವರಿಯಲ್ಲಿ ಮೊದಲ ಬಾರಿಗೆ ಒಬ್ಬ ಮಧುಮೇಹಿ ಬಾಲಕನಿಗೆ ಕೊಟ್ಟ ಅಂದಿನಿಂದ ದಶಕಗಳ ಕಾಲ ಆ ಔಷಧ ದನ ಮತ್ತು ಹಂದಿಗಳ ಮೇದೋಜೀರಕದಿಂದಲೇ ಸಿದ್ಧವಾಗುತ್ತಿತ್ತು. ಅದನ್ನು ತಿಳಿದ ದೊಡ್ಡತ್ತೆ ಬೇಡವೆಂದರು. ಮಾತ್ರೆ, ಪಥ್ಯಗಳಲ್ಲಿ ವರ್ಷಗಳನ್ನು ದೂಡಿದರು. ಅವರ ದೃಷ್ಟಿ ಬಹುಪಾಲು ಹೋಯಿತು.

ಔಷಧದ ಮೂಲವನ್ನು ಕೇಳುವುದು ಜೈನ ಪರಂಪರೆಗೆ ಹೊಸದಲ್ಲ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ' ಎಂಬ ವೈದ್ಯಗ್ರಂಥವನ್ನೇ ಬರೆದು, ಮಾಂಸವಿಲ್ಲದೆ ಚಿಕಿತ್ಸೆ ಸಾಧ್ಯವೆಂದು ವಾದಿಸಿದರು. ಗಮನಿಸಬೇಕಾದ ಅಂಶವೆಂದರೆ, ಅವರು ಚಿಕಿತ್ಸೆಯನ್ನು ಬಿಡಿರೆನ್ನಲಿಲ್ಲ. ಶುದ್ಧವಾದ ಚಿಕಿತ್ಸೆಯನ್ನು ಹುಡುಕಿರೆಂದರು. ಆ ಹುಡುಕಾಟಕ್ಕೆ ಇಂದು ಉತ್ತರ ದೊರೆತಿದೆ. ಮಾನವ ಇನ್ಸುಲಿನ್ನನ್ನು ರೂಪಿಸುವ ವಂಶವಾಹಿಯನ್ನು ಸೂಕ್ಷ್ಮಾಣುವಿನಲ್ಲಿ ಸೇರಿಸಿ ತಯಾರಿಸಿದ ಔಷಧಕ್ಕೆ ಅಮೆರಿಕೆಯಲ್ಲಿ 1982ರಲ್ಲಿ ಅನುಮತಿ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟಿನ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇದಕ್ಕಾಗಿ ದನವನ್ನೋ ಹಂದಿಯನ್ನೋ ಕೊಲ್ಲಬೇಕಿಲ್ಲ. ಸೂಕ್ಷ್ಮಜೀವಿಗಳ ಪ್ರಶ್ನೆ ಉಳಿಯುತ್ತದೆ, ನಿಜ. ಆದರೆ ಗೃಹಸ್ಥನ ಅಣುವ್ರತವು ಸಂಕಲ್ಪಪೂರ್ವಕವಾದ ತ್ರಸಹಿಂಸೆಯ ತ್ಯಾಗ. ಅಡುಗೆ, ಬೇಸಾಯ, ಔಷಧಗಳಲ್ಲಿ ತಪ್ಪಿಸಲಾಗದ ಸೂಕ್ಷ್ಮಹಿಂಸೆಯನ್ನು ಆತ ಅಗತ್ಯಕ್ಕೆ ಮಿತಿಗೊಳಿಸಬೇಕು. ಮಾವನವರು ಔಷಧದಂಗಡಿಯಲ್ಲಿ ಸೀಸೆಯ ಚೀಟಿ ಓದಿಸಿ, ಮಾನವ ಇನ್ಸುಲಿನ್ನೆಂದು ಖಾತ್ರಿಪಡಿಸಿಕೊಂಡು ಬಂದರು. ಅತ್ತೆಯವರು ಸಮಾಧಾನಗೊಂಡರು.

ಸಮಾಧಾನ ಬಹಳ ದಿನ ಉಳಿಯಲಿಲ್ಲ. ಸೆಪ್ಟೆಂಬರಿನಲ್ಲಿ ದಶಲಕ್ಷಣ ಪರ್ವ ಬಂತು. ಸೊಸೆ ಬಾಲ್ಯದಿಂದ ಅನಂತ ಚತುರ್ದಶಿಯ ಉಪವಾಸವನ್ನು ಬಿಟ್ಟವಳಲ್ಲ. ಆ ವರ್ಷ ಮಾಡೆಂದು ಯಾರೂ ಹೇಳಲಿಲ್ಲ, ಬೇಡವೆಂದೂ ಯಾರೂ ಹೇಳಲಿಲ್ಲ. ಬೆಳಿಗ್ಗೆ ಎಂದಿನಂತೆ ಚುಚ್ಚುಮದ್ದು ತೆಗೆದುಕೊಂಡಳು, ಯಾಕೆಂದರೆ ಒಂದು ದಿನವೂ ತಪ್ಪಿಸಬಾರದೆಂದು ವೈದ್ಯರು ಹೇಳಿದ್ದರು. ತಿಂಡಿಯನ್ನು ಮಾತ್ರ ಬಿಟ್ಟಳು. ಮದ್ದು ಬೇರೆ, ಅನ್ನ ಬೇರೆಯೆಂದು ಆಕೆ ತಿಳಿದಿದ್ದಳು. ಅನ್ನ ಬರುತ್ತದೆಂಬ ಲೆಕ್ಕದ ಮೇಲೆಯೇ ಇನ್ಸುಲಿನ್ನಿನ ಅಳತೆ ನಿಂತಿದೆಯೆಂಬುದನ್ನು ಆಸ್ಪತ್ರೆಯವರು ಬಿಡಿಸಿ ಹೇಳಿರಲಿಲ್ಲ. ಉಪವಾಸವಿದೆಯೆಂದು ಮನೆಯವರೂ ಆಸ್ಪತ್ರೆಗೆ ತಿಳಿಸಿರಲಿಲ್ಲ.

ಬಸದಿಯಲ್ಲಿ ಪೂಜೆ ನಡೆಯುತ್ತಿತ್ತು. ಹತ್ತೂವರೆಯ ಹೊತ್ತಿಗೆ ಆಕೆಯ ಕೈ ನಡುಗಿ ಅರ್ಘ್ಯದ ತಟ್ಟೆ ಜಾರಿತು. ನಿಂತು ದಣಿದಿದ್ದಾಳೆಂದು ಅತ್ತೆಯವರು ಗೋಡೆಗೆ ಒರಗಿಸಿ ಕೂರಿಸಿದರು. ಆಕೆಯ ಮಾತು ತೊದಲುತ್ತಿತ್ತು. ಪರ್ವಕ್ಕೆಂದು ಬ್ರಹ್ಮಾವರದಿಂದ ಬಂದು ಪಕ್ಕದಲ್ಲಿ ಕುಳಿತಿದ್ದ ದೊಡ್ಡತ್ತೆಗೆ ಮುಖ ಕಾಣಲಿಲ್ಲ. ಅವರು ಕೈ ಹಿಡಿದು ನೋಡಿದರು. ತಣ್ಣಗಿನ ಬೆವರು. "ಇದು ದಣಿವಲ್ಲ. ಯಾರಾದರೂ ಸಕ್ಕರೆ ತನ್ನಿ, ನೀರು ತನ್ನಿ" ಎಂದು ಕೂಗಿದರು.

ಅತ್ತೆಯವರು ಒಂದು ಕ್ಷಣ ತಡೆದರು. "ಇವತ್ತು ಚತುರ್ದಶಿ ಅಕ್ಕಾ, ಅವಳದ್ದು ಉಪವಾಸ."

"ಅವಳದ್ದು ಉಪವಾಸ ಇರಬಹುದು. ಹೊಟ್ಟೆಯಲ್ಲಿರುವವರು ಯಾವಾಗ ಸಂಕಲ್ಪ ಮಾಡಿದರು?"

ಬಸದಿಯ ಅಡುಗೆಮನೆಯಿಂದ ಸಕ್ಕರೆ ತಂದು, ಮೂರು ಚಮಚವನ್ನು ಒಂದು ಲೋಟ ನೀರಿನಲ್ಲಿ ಕಲಕಿ ಕುಡಿಸಿದವರು ಅತ್ತೆಯವರೇ. ಹದಿನೈದು ನಿಮಿಷದಲ್ಲಿ ಆಕೆ ಕಣ್ಣರಳಿಸಿ ನೋಡಿದಳು. ಬಳಿಕ ತಿಂಡಿ ತಿನ್ನಿಸಿ ಆಸ್ಪತ್ರೆಗೆ ಕರೆದೊಯ್ದರು. ಮಗುವಿನ ಎದೆಬಡಿತ ಸರಿಯಾಗಿತ್ತು.

ಅಂದು ಸಂಜೆ ಆಕೆ ವ್ರತಭಂಗವಾಯಿತೆಂದು ಅತ್ತಳು. ಬಸದಿಯ ಇಂದ್ರರು ಮನೆಗೆ ಬಂದು ಹೇಳಿದ ಮಾತು ಚಿಕ್ಕದು. ತೀರ್ಥಂಕರ ಪ್ರಕೃತಿಗೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳೆರಡಕ್ಕೂ 'ಶಕ್ತಿಗೆ ತಕ್ಕಂತೆ' ಎಂಬ ವಿಶೇಷಣವಿದೆ. ಶಕ್ತಿಯನ್ನು ಬಚ್ಚಿಡುವುದು ಹೇಗೆ ದೋಷವೋ ಶಕ್ತಿ ಮೀರುವುದೂ ಹಾಗೆಯೇ ದೋಷ. ದೊಡ್ಡತ್ತೆಯ ಮಾತು ಇನ್ನೂ ಚಿಕ್ಕದು. "ನಾನು ಕಣ್ಣು ಕೊಟ್ಟದ್ದು ನನ್ನ ವ್ರತಕ್ಕೆ, ಮಗಾ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನೀನು ಕೊಡಹೊರಟದ್ದು ನಿನ್ನದಲ್ಲ."

ಅನಂತರ ಮನೆಯವರು ವೈದ್ಯರ ಮುಂದೆ ಕುಳಿತು ರಾತ್ರಿಭೋಜನ ತ್ಯಾಗದ ಮಾತನ್ನೂ ತೆರೆದಿಟ್ಟರು. ಆ ದಿನಗಳಲ್ಲಿ ಸೂರ್ಯಾಸ್ತ ಸುಮಾರು ಆರೂವರೆಗೆ. ಸಂಜೆ ಆರಕ್ಕೆ ಉಂಡವಳು ಮರುದಿನ ಏಳರವರೆಗೆ ಬರಿಹೊಟ್ಟೆಯಲ್ಲಿರುವುದು ಗರ್ಭಿಣಿಗೆ ಒಳ್ಳೆಯದಲ್ಲವೆಂದು ವೈದ್ಯರು ಹೇಳಿದರು. ಸಂಜೆಯ ಚುಚ್ಚುಮದ್ದನ್ನು ಸೂರ್ಯಾಸ್ತದ ಮುಂಚಿನ ಊಟಕ್ಕೆ ಹೊಂದಿಸಲಾಯಿತು. ಅನ್ನದ ತ್ಯಾಗ ಉಳಿಯಿತು. ಮಲಗುವ ಮುನ್ನ ಒಂದು ಲೋಟ ಹಾಲು, ಸಕ್ಕರೆ ಕುಸಿದರೆ ಯಾವ ಹೊತ್ತಿನಲ್ಲಾದರೂ ಗ್ಲೂಕೋಸ್, ಇವೆರಡಕ್ಕೆ ಹೆರಿಗೆಯಾಗುವವರೆಗೆ ವಿನಾಯಿತಿಯಿಟ್ಟು ಆಕೆ ನಿಯಮವನ್ನು ಹೊಸದಾಗಿ ಸ್ವೀಕರಿಸಿದಳು. ಬೈಂದೂರಿನ ತಾಯಿಯೂ ಬಂದು ಪುಸ್ತಕದ ಅಂಕಿ ಓದಲು ಕಲಿತರು.

ಅಕ್ಟೋಬರಿನಲ್ಲಿ ಹೆಣ್ಣುಮಗು ಹುಟ್ಟಿತು. ಸಕ್ಕರೆ ಕುಸಿಯದಿರಲೆಂದು ಗಂಟೆಯೊಳಗೆ ಎದೆಹಾಲು ಕೊಡಿಸಿ, ಮಗುವಿನ ರಕ್ತವನ್ನು ಮತ್ತೆ ಮತ್ತೆ ನೋಡಿದರು. ತಾಯಿಗೆ ಇನ್ಸುಲಿನ್ ನಿಂತಿತು. ಆರು ವಾರದ ಬಳಿಕ ಮಾಡಿಸಬೇಕಾದ ಪರೀಕ್ಷೆಯನ್ನು ಬಾಣಂತನದ ಗಡಿಬಿಡಿಯಲ್ಲಿ ಅನೇಕರು ಮರೆಯುತ್ತಾರೆ. ಮಾವನವರು ಪುಸ್ತಕದಲ್ಲಿ ದಿನ ಗುರುತಿಸಿದ್ದರಿಂದ ಅದು ತಪ್ಪಲಿಲ್ಲ. ಫಲಿತಾಂಶ ಸರಿಯಾಗಿತ್ತು. ಆದರೂ ಇಂತಹ ತಾಯಂದಿರಿಗೆ ಮುಂದೆ ಮಧುಮೇಹ ಬರುವ ಸಂಭವ ಇತರರಿಗಿಂತ ಹೆಚ್ಚಾದ್ದರಿಂದ ಪ್ರತಿವರ್ಷದ ಪರೀಕ್ಷೆ ಆಕೆಯ ನಿಯಮಗಳಲ್ಲಿ ಒಂದಾಯಿತು.

ಬಸದಿಗಳ ಆಡಳಿತ ಮಂಡಳಿಗಳು ಇಲ್ಲಿ ಮಾಡಬಹುದಾದದ್ದು ಸ್ವಲ್ಪವೇ, ಆದರೆ ಬೆಲೆಯುಳ್ಳದ್ದು. ಪರ್ವದ ಮೊದಲ ದಿನವೇ ಗರ್ಭಿಣಿಯರು, ಬಾಣಂತಿಯರು, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಕೈಗೊಳ್ಳಬಾರದೆಂದು ಎಲ್ಲರೆದುರು ಪ್ರಕಟಿಸಲಿ. ಸ್ವಾಧ್ಯಾಯ, ಜಪ, ರಸತ್ಯಾಗಗಳು ಅವರ ತಪಸ್ಸಾಗಬಹುದೆಂದೂ ಹೇಳಲಿ. ಹೇಳುವವರಿಲ್ಲದಿದ್ದರೆ, ಮೌನವೇ ಅಪ್ಪಣೆಯೆಂದು ಸೊಸೆಯಂದಿರು ತಿಳಿಯುತ್ತಾರೆ. ಕಚೇರಿಯಲ್ಲಿ ಒಂದು ಪೊಟ್ಟಣ ಗ್ಲೂಕೋಸ್ ಇರಲಿ.

ಆ ಅತ್ತೆಯವರು ಈಗ ಪರ್ವದ ದಿನಗಳಲ್ಲಿ ಬಸದಿಯ ಬಾಗಿಲಲ್ಲಿ ಕೂರುತ್ತಾರೆ. ತುಂಬು ಬಸುರಿಯರು ಯಾರೇ ಒಳಬಂದರೂ ಅವರ ಮೊದಲ ಪ್ರಶ್ನೆ ಒಂದೇ: "ತಿಂಡಿ ಆಯಿತೇ ಮಗಾ?"