ಆಮೆಯ ಕಾಲು ನೋಡಿದಿರಾ?

ಅಂಕೋಲೆಯಿಂದ ಕಾರವಾರಕ್ಕೆ ಬಸ್ಸಿನಲ್ಲಿ ಸುಮಾರು ಒಂದು ತಾಸಿನ ದಾರಿ. ಮೊನ್ನೆ ನಾನೂ ಮೊಮ್ಮಗನೂ ಹೊರಟಾಗ ನಮ್ಮೊಡನೆ ಟಿಕೆಟ್ಟಿಲ್ಲದ ಪ್ರಯಾಣಿಕನೊಬ್ಬನಿದ್ದ. ಮೊಮ್ಮಗನ ತೊಡೆಯ ಮೇಲಿನ ಬುಟ್ಟಿಯಲ್ಲಿ, ಒದ್ದೆ ಬಟ್ಟೆಯಡಿ ಕೂತಿದ್ದ ಒಂದು ಆಮೆ!

ಪಕ್ಕದ ಮನೆಯವರು ಊರು ಬಿಡುವಾಗ ಅದನ್ನು ಗಾಜಿನ ತೊಟ್ಟಿಯಲ್ಲೇ ಬಿಟ್ಟು ಹೋಗಿದ್ದರು. ಕೊಂಡಾಗ ನಾಣ್ಯದಷ್ಟಿದ್ದದ್ದು ಈಗ ತಟ್ಟೆಯಷ್ಟಾಗಿತ್ತು. ನೀರು ನಾರುತ್ತಿತ್ತು. “ಪಾಪ, ಅದರ ಮನೆಗೆ ಬಿಟ್ಟು ಬರುವಾ ಅಜ್ಜ” ಎಂದ ಮೊಮ್ಮಗ. ಕಾರವಾರದ ಕಡೆ ಅರಣ್ಯ ಇಲಾಖೆಯವರು ಕಡಲಾಮೆ ಮರಿಗಳನ್ನು ಸಮುದ್ರಕ್ಕೆ ಬಿಡುವ ಫೋಟೊವನ್ನು ನಾನು ಪೇಪರಿನಲ್ಲಿ ನೋಡಿದ್ದೆ. ಆಮೆಗೆ ಕಡಲಲ್ಲದೆ ಬೇರೆ ಮನೆ ಯಾವುದು ಎಂದುಕೊಂಡೆ.

ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯನ್ನು ನೋಡಿಕೊಂಡು ನೀರಿನತ್ತ ನಡೆದೆವು. ಏಂಡಿ ಬಲೆ ಸರಿಮಾಡುತ್ತಿದ್ದ ಮೀನುಗಾರರೊಬ್ಬರು ಕೂಗಿದರು: “ಅಜ್ಜಾ, ನಿಲ್ಲಿ! ಅದರ ಕಾಲು ನೋಡಿದ್ರಾ?”

ನೋಡಿರಲಿಲ್ಲ. “ಕಡಲಾಮೆಯ ಕಾಲು ದೋಣಿಯ ಹುಟ್ಟಿನ ಹಾಗೆ ಇರ್ತದೆ. ಇದಕ್ಕೆ ಬೆರಳು, ಉಗುರು, ನಡುವೆ ಬಾತುಕೋಳಿಯ ಹಾಗೆ ಪೊರೆ. ಇದು ಸಿಹಿನೀರಿನದು. ಉಪ್ಪುನೀರಿಗೆ ಬಿಟ್ರೆ ಸಾಯ್ತದೆ.”

ನನ್ನ ಎದೆ ಧಸಕ್ಕೆಂದಿತು. “ಹಾಗಾದರೆ ಕಾಳಿ ನದಿಗೆ ಬಿಡುವಾ?” ಎಂದ ಮೊಮ್ಮಗ. ಈ ಸಲ ಕೇಳಿಯೇ ಮುಂದುವರಿಯೋಣವೆಂದು ಅರಣ್ಯ ಇಲಾಖೆಯ ಕಚೇರಿಗೆ ಹೋದೆವು.

ಅಲ್ಲಿದ್ದವರು ಆಮೆಯ ಕಣ್ಣಿನ ಹಿಂದಿನ ಕೆಂಪು ಪಟ್ಟಿ ತೋರಿಸಿದರು. ಇದು ಕೆಂಪುಕಿವಿಯ ಆಮೆ. ತವರು ಅಮೆರಿಕದ ಮಿಸಿಸಿಪಿ ನದಿಯ ಸೀಮೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ನಮ್ಮ ಹೊಳೆಗೆ ಬಿಟ್ಟರೆ ಇಲ್ಲಿನ ಆಮೆಗಳ ಆಹಾರವನ್ನೂ ಬಿಸಿಲು ಕಾಯುವ ಜಾಗವನ್ನೂ ಕಸಿದುಕೊಳ್ಳುತ್ತದೆ. ಆಮೆಯನ್ನು ಅವರಿಗೇ ಒಪ್ಪಿಸಿದೆವು.

ನಮ್ಮ ಆಮೆಗಳ ಗುರುತನ್ನೂ ಅವರು ಹೇಳಿಕೊಟ್ಟರು. ಮಕ್ಕಳೇ, ನೀವೂ ನೆನಪಿಡಿ. ನಮ್ಮ ಕರಾವಳಿಯ ಮರಳಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಕಡಲಾಮೆಯ ಚಿಪ್ಪು ಹೃದಯದ ಆಕಾರದ್ದು, ಹಸಿರು ಬೆರೆತ ಬೂದುಬಣ್ಣದ್ದು. ಕೆರೆ, ಗದ್ದೆಯ ಮೆದುಚಿಪ್ಪಿನ ಆಮೆ ಹಿಂಗಾಲುಗಳನ್ನು ಹೊಟ್ಟೆಯಡಿಯ ಮುಚ್ಚಳದೊಳಗೆ ಅಡಗಿಸುತ್ತದೆ. ಕಪ್ಪು ಆಮೆಯ ಬೆನ್ನ ಮೇಲೆ ಮೂರು ಏಣುಗಳಿವೆ. ನಕ್ಷತ್ರ ಆಮೆಯ ಕಾಲು ಆನೆಯ ಕಾಲಿನಂತೆ ಕಂಬ. ಅದು ನೆಲದ ಪ್ರಾಣಿ, ಆಳದ ನೀರಿಗೆ ಹಾಕಿದರೆ ಮುಳುಗುತ್ತದೆ. ಇವುಗಳನ್ನೆಲ್ಲ 1972ರ ವನ್ಯಜೀವಿ ಕಾಯ್ದೆ ಕಾಯುತ್ತದೆ, ಮನೆಯಲ್ಲಿ ಸಾಕುವಂತಿಲ್ಲ.

ಖಾಲಿ ಬುಟ್ಟಿಯೊಂದಿಗೆ ಬಸ್ಸು ಹತ್ತಿದೆವು. ಬೇಲೇಕೇರಿ ಕ್ರಾಸ್ ದಾಟುವಾಗ ಮೊಮ್ಮಗ ಕೇಳಿದ: “ಅಜ್ಜ, ಬ್ಯಾಂಕಿನಲ್ಲಿ ನೀನು ಸಹಿ ನೋಡದೆ ಚೆಕ್ಕಿಗೆ ಹಣ ಕೊಡ್ತಿದ್ಯಾ?”

“ಛೆ, ಎಲ್ಲಾದರೂ ಉಂಟೇ!”

“ಮತ್ತೆ ಕಾಲು ನೋಡದೆ ಆಮೆಯನ್ನು ಬಿಡಲಿಕ್ಕೆ ಹೊರಟೆಯಲ್ಲ?”

ನಾನು ಕಿಟಕಿಯ ಹೊರಗೆ ನೋಡಿದೆ.