ಆಯಿಯ ಹಾಡಿನ ಮೇಲೆ ನನ್ನ ರೈಮ್ಸ್

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಪಿಯುಸಿವರೆಗೆ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಇದು ಒಂದು ಕ್ಯಾಸೆಟ್ ಬಗ್ಗೆ, ಮತ್ತೆ ನಾನು ಗೊತ್ತಿಲ್ಲದೆ ಮಾಡಿದ ಒಂದು ತಪ್ಪಿನ ಬಗ್ಗೆ.

ನಮ್ಮದು ಸಿಂದಗಿ ಕಡೆ ಒಂದು ಹಳ್ಳಿ. ಅಪ್ಪನ ನೌಕರಿ ಇಂಡಿಯಲ್ಲಿ, ಹಾಗಾಗಿ ನಾನು ಬೆಳೆದದ್ದು ಅಲ್ಲೇ. ಹೋದ ವರ್ಷ ಮುತ್ಯಾ ತೀರಿಕೊಂಡ ಮೇಲೆ ಊರಿನ ಮನೆ ಸ್ವಚ್ಛ ಮಾಡುವಾಗ ಅವನ ಟ್ರಂಕಿನಲ್ಲಿ ಹದಿನಾಲ್ಕು ಕ್ಯಾಸೆಟ್ ಸಿಕ್ಕವು. ಮುತ್ಯಾಗೆ ರೇಡಿಯೋ ಹುಚ್ಚು. ಧಾರವಾಡ ಆಕಾಶವಾಣಿಯಲ್ಲಿ ವಚನ ಗಾಯನ ಬಂತಂದ್ರೆ ಟು-ಇನ್-ಒನ್‌ನ ಕೆಂಪು ಗುಂಡಿ ಒತ್ತಿ ಹಿಡಿದಿಟ್ಟುಕೊಳ್ತಿದ್ದನಂತೆ. ಒಂದು ಡಬ್ಬಿಯ ಮೇಲೆ ಮಾತ್ರ ಬೇರೆ ಥರ ಬರೆದಿದ್ದ: "ಮನ್ಯಾಗಿನವರ ಬೀಸೂ ಪದ". ಹೆಂಡತಿ ಹೆಸರು ಬರೆಯೋಕೆ ನಾಚಿಕೆ ಇರಬೇಕು.

ಆಯಿ ಹೋದಾಗ ನನಗೆ ಮೂರು ವರ್ಷ. ಮುಖ ಫೋಟೊದಲ್ಲಿ ನೋಡಿದ್ದೀನಿ, ದನಿ ನೆನಪಿಲ್ಲ.

ಟು-ಇನ್-ಒನ್‌ನ ಬೆಲ್ಟ್ ಕರಗಿ ಅಂಟಾಗಿತ್ತು. ಬಸವನ ಬಾಗೇವಾಡಿಯ ಮಾಮಾ ತನಗೆ ಗೊತ್ತಿದ್ದ ಒಬ್ಬ ವಯಸ್ಸಾದ ರೇಡಿಯೋ ಮೆಕ್ಯಾನಿಕ್ ಹತ್ತಿರ ಕರ್ಕೊಂಡು ಹೋದ. ರೀಲಿನ ಮೇಲೆ ಬಿಳಿ ಬೂಷ್ಟು ಹಿಡಿದಿತ್ತು. "ಹಂಗ ಹಚ್ಚಬ್ಯಾಡ ತಮ್ಮಾ, ರೀಲ್ ನುಂಗ್ತದ" ಅಂದ ಆತ, ಪೆನ್ಸಿಲ್ ತೂರಿಸಿ ನಿಧಾನಕ್ಕೆ ಸುತ್ತಿದ, ಬೂಷ್ಟು ಒರೆಸಿದ. ಅರಳೆಗೆ ಸ್ಪಿರಿಟ್ ಹಚ್ಚಿ ಹೆಡ್ ಉಜ್ಜಿದ. ಬೆಲ್ಟ್ ಬದಲಾಯಿಸಿ, ಕೊನೆಗೆ ಪ್ಲೇ ಒತ್ತಿದ.

ಮೊದಲು ಬರೀ ಸರ್ರ್ ಅನ್ನೋ ಸದ್ದು. ಆಮೇಲೆ ಬೀಸುಕಲ್ಲು ತಿರುಗೋ ಸಪ್ಪಳ. ಅದರೊಳಗಿಂದ ಆಯಿಯ ದನಿ. ನಾನು ಅಂದುಕೊಂಡಿದ್ದಕ್ಕಿಂತ ದಪ್ಪ ದನಿ, ನಮ್ಮಪ್ಪನ ದನಿ ಥರಾನೇ. ಎರಡು ನಿಮಿಷ ಆಗಿರಬಹುದು. ಟಕ್ ಅಂತು. ಅಲ್ಲಿಂದ ಒಂದು ಹುಡುಗ ಕಿರುಚಿಕೊಂಡು ಇಂಗ್ಲಿಷ್ ರೈಮ್ಸ್ ಹೇಳ್ತಾನೆ. ಹಿಂದೆ ಅಪ್ಪನ ಮಾತು: "ಇನ್ನೊಮ್ಮೆ ಹೇಳು, ಜೋರಾಗಿ." ಸೈಡ್ ಮುಗಿಯೋವರೆಗೂ ಅದೇ.

ಆ ಹುಡುಗ ನಾನು. ಆಗ ಯುಕೆಜಿ.

ಅಪ್ಪನಿಗೆ ಫೋನ್ ಮಾಡಿದೆ. "ಖಾಲಿ ಕ್ಯಾಸೆಟ್ ಅಂದ್ಕೊಂಡಿದ್ದೆ" ಅಂದ. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ನಮ್ಮವ್ವ ಹಾಡಿದ್ದು ಅದರಾಗ ಇತ್ತೇನು?" ಅಂತ ಕೇಳಿದ.

ನಾನು ಇಸಿ ವಿದ್ಯಾರ್ಥಿ ನೋಡಿ, ಫಿಲ್ಟರ್ ಹಾಕಿದ್ರೆ ನನ್ನ ದನಿ ತೆಗೆದು ಕೆಳಗಿನದು ಹೊರಗೆ ತರಬಹುದು ಅನ್ನೋ ಆಸೆ. ಆದರೆ ಕೆಳಗೆ ಏನೂ ಇರಲ್ಲ. ರೆಕಾರ್ಡ್ ಹೆಡ್‌ಗಿಂತ ಮೊದಲು ಟೇಪು ಇರೇಸ್ ಹೆಡ್ ಮುಂದೆ ಹಾದು ಹೋಗುತ್ತೆ. ಅದು ಹಳೆಯ ಕಾಂತೀಯ ಗುರುತನ್ನೆಲ್ಲ ಅಳಿಸಿಬಿಡುತ್ತೆ. ಮೆಕ್ಯಾನಿಕ್ ಕ್ಯಾಸೆಟ್ ತಿರುಗಿಸಿ ಹಿಂದಿನ ಅಂಚಿನಲ್ಲಿದ್ದ ಪುಟ್ಟ ಪ್ಲಾಸ್ಟಿಕ್ ಚೂರು ತೋರಿಸಿದ. "ಈ ಕಿವಿ ಮುರದಿದ್ರ ಮ್ಯಾಲ ರೆಕಾರ್ಡೇ ಆಗ್ತಿರಲಿಲ್ಲ."

ನಮ್ಮ ಮನೆಯಲ್ಲಿ ಆದದ್ದೇ ದೊಡ್ಡ ದೊಡ್ಡ ಕಡೆಯೂ ಆಗಿದೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರು. ಆ ಕಾಲದ ರೇಡಿಯೋ ಅಂದ್ರೆ ಹೆಚ್ಚಾಗಿ ನೇರ ಪ್ರಸಾರ, ಹಾಡಿ ಮುಗಿದರೆ ಮುಗೀತು. ಧಾರವಾಡ ಕೇಂದ್ರ ಶುರುವಾಗಿದ್ದು 1950ರಲ್ಲಿ. ಅತ್ತ ಬಿಬಿಸಿ 1960, 70ರ ದಶಕಗಳಲ್ಲಿ ತನ್ನದೇ ಎಷ್ಟೋ ಕಾರ್ಯಕ್ರಮಗಳ ಟೇಪು ಅಳಿಸಿ ಮರುಬಳಕೆ ಮಾಡ್ತು. ‘ಡಾಕ್ಟರ್ ಹೂ’ ಧಾರಾವಾಹಿಯ ಹಲವು ಕಂತುಗಳ ಚಿತ್ರ ಹೋಗಿದೆ, ಆದರೆ ಎಲ್ಲ ಕಂತುಗಳ ಧ್ವನಿ ಉಳಿದಿದೆ. ಯಾಕೆ ಗೊತ್ತಾ? ಮನೆಯಲ್ಲಿ ಟಿವಿ ಮುಂದೆ ರೆಕಾರ್ಡರ್ ಇಟ್ಟುಕೊಂಡು ಕೂತ ಅಭಿಮಾನಿಗಳಿಂದ. ಅಂದ್ರೆ ನಮ್ಮ ಮುತ್ಯಾನಂಥವರಿಂದ.

ಪ್ರತಿಗಳೆಷ್ಟು ಅನ್ನೋದು ದೊಡ್ಡ ವಿಷಯ. ಆಗ ವಿಜಾಪುರ ಜಿಲ್ಲೆಯಲ್ಲಿದ್ದ ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಸಿನಿಮಾಕ್ಕೆ ಹಾಡಿದ್ದನ್ನು ಇವತ್ತೂ ಕೇಳ್ತೀವಿ, ಯಾಕಂದ್ರೆ ಗ್ರಾಮಫೋನ್ ತಟ್ಟೆಗಳು ಊರೂರಿಗೆ ಹೋಗಿದ್ದವು. ಆಯಿ ಹಾಡಿದ್ದಕ್ಕೆ ಇದ್ದದ್ದು ಒಂದೇ ಪ್ರತಿ.

ನಮ್ಮ ಜಿಲ್ಲೆಗೆ ಇದು ಹೊಸ ಪಾಠವೂ ಅಲ್ಲ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ವಚನಗಳ ತಾಳೆಗರಿ ಕೂಡಿಸಿದರು. ಅಚ್ಚು ಹಾಕೋಕೆ ಮನೆ ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು. ತಾಳೆಗರಿ ಜಂತಿಯ ಮೇಲೆ ಹುಳ ಹಿಡೀತಿದ್ದಾಗ ಅವರು ಕಾಯಲಿಲ್ಲ. ನಮ್ಮ ಕಾಲದ ತಾಳೆಗರಿ ಈ ಕ್ಯಾಸೆಟ್ಟು.

ಉಳಿದ ಹದಿಮೂರನ್ನು ನಾನು ಹಾಸ್ಟೆಲ್‌ನಲ್ಲಿ ಕೂತು ಲ್ಯಾಪ್‌ಟಾಪ್‌ಗೆ ಇಳಿಸಿದೆ. ಎಂಪಿ3 ಮಾಡಲಿಲ್ಲ, ಅದು ಜಾಗ ಉಳಿಸೋಕೆ ಸದ್ದಿನ ಒಂದಷ್ಟು ಭಾಗ ಎಸೆದುಬಿಡುತ್ತೆ. ಧ್ವನಿ ಭಂಡಾರಗಳು ಬಳಸೋ ಹಾಗೆ 96 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್. ಒಂದು ಗಂಟೆಗೆ ಸುಮಾರು 2 ಜಿಬಿ. ನಾವು ಒಂದು ಸಿನಿಮಾಕ್ಕೆ ಕೊಡೋ ಜಾಗ ಅಷ್ಟೇ. ಅದರಲ್ಲಿ ಹಂತಿ ಪದ ಇದೆ, ಮೊಹರಂನ ರಿವಾಯತ್ ಪದ ಇದೆ, ವಚನಗಳ ನಡುವೆ ಮುತ್ಯಾ ಕೆಮ್ಮಿದ್ದೂ ಇದೆ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಅಂತ ಮಾಮಾನನ್ನು ಕೇಳಿ ಕೇಳಿ ಬರೆದಿಟ್ಟೆ. ಅರ್ಧದಷ್ಟು ದನಿ ಯಾರದು ಅಂತ ಅವನಿಗೂ ಗೊತ್ತಾಗಲಿಲ್ಲ. ಮುತ್ಯಾ ಇದ್ದಾಗಲೇ ಕೇಳಬೇಕಿತ್ತು.

ಆಯಿಯ ಎರಡು ನಿಮಿಷ ಕತ್ತರಿಸಿ ಕಳಿಸು ಅಂದ ಅಪ್ಪ. ಕಳಿಸಿದೆ. ಪೂರ್ತಿ ಫೈಲನ್ನೂ ಹಾಗೇ ಇಟ್ಟಿದ್ದೀನಿ, ರೈಮ್ಸ್ ಸಮೇತ. ಆ ಟೇಪಿಗೆ ಏನಾಯಿತು ಅನ್ನೋದೂ ಅದರ ಚರಿತ್ರೆಯೇ ಅಲ್ವಾ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯವರು ನಮ್ಮ ಕಾಲೇಜಿನಲ್ಲೇ ಸಾಕಷ್ಟು ಜನ ಇದ್ದೀವಿ. ಬೇರೆ ಊರವರೂ ಅಷ್ಟೇ, ಈ ಸಲ ಊರಿಗೆ ಹೋದಾಗ ಟ್ರಂಕು, ಅಟ್ಟ ಒಮ್ಮೆ ನೋಡಿ. ಕ್ಯಾಸೆಟ್ ಸಿಕ್ಕರೆ ನನ್ನ ರೂಮಿಗೆ ತನ್ನಿ, ಪ್ಲೇಯರ್ ಇದೆ. ತರೋಕೆ ಮುಂಚೆ ಒಂದೇ ಕೆಲಸ ಮಾಡಿ: ಹಿಂದಿನ ಆ ಎರಡೂ ಕಿವಿ ಮುರಿದುಬಿಡಿ.