ಹಾರುವ ಆಲೆಮನೆ

ಮಳವಳ್ಳಿ

ಪ್ರೀತಿಯ ಪುಟ್ಟಿ,

ನಿನ್ನೆ ನಿಮ್ಮಮ್ಮ ಫೋನು ಮಾಡಿದ್ದಳು. ನೀನು ಲೆಗೊದಲ್ಲಿ ಕಟ್ಟಿದ ವಿಮಾನ ನೋಡಿ ಯಾರೋ ‘ಇದೆಲ್ಲಿ ಹಾರುತ್ತೆ?’ ಅಂದರಂತೆ. ನೀನು ಒಂದು ಮಾತೂ ಆಡದೆ ಬಿಚ್ಚಿ ಡಬ್ಬಿಗೆ ಸುರಿದೆಯಂತೆ. ಕೇಳಿ ಸಂಕಟವಾಯಿತು ಕಣೇ. ಅದಕ್ಕೇ ಈ ಕಾಗದ.

ಅಮ್ಮ ಕಳಿಸಿದ ಫೋಟೊ ನನ್ನ ಹತ್ತಿರ ಇದೆ. ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ. ಎರಡು ಬೂದು ಚಕ್ರ ಎದುರುಬದುರು ಇಟ್ಟು ಗಾಣ ಮಾಡಿದ್ದೀಯ. ನಡುವೆ ಕೊಪ್ಪರಿಗೆ, ಅದರಡಿ ಕಿತ್ತಲೆ ಬಣ್ಣದ ತುಂಡುಗಳ ಬೆಂಕಿ, ಹಿಂದೆ ಚಿಮಣಿ. ಅಕ್ಕಪಕ್ಕಕ್ಕೆ ಕಬ್ಬಿನ ಸೋಗೆಯ ಹಾಗೆ ಬಾಗಿದ ಹಸಿರು ರೆಕ್ಕೆ. ಬೇಸಿಗೆ ರಜೆಯಲ್ಲಿ ನಮ್ಮೂರ ಆಲೆಮನೆಯಲ್ಲಿ ನೀನು ಸುಮ್ಮನೆ ಬೆಲ್ಲ ತಿಂದುಕೊಂಡು ಕೂತಿರಲಿಲ್ಲ ಅಂತ ಈಗ ಗೊತ್ತಾಯಿತು. ರಸ ಕೊಪ್ಪರಿಗೆಗೆ, ಒಣಗಿದ ಸಿಪ್ಪೆ ಒಲೆಗೆ ಹೋಗುವುದನ್ನು ನೋಡಿದ್ದೀಯ. ಕಬ್ಬಿನ ಬೆಂಕಿಯಲ್ಲೇ ಕಬ್ಬು ಬೇಯುತ್ತದೆ. ಅದನ್ನೇ ನಿನ್ನ ವಿಮಾನದ ಎಂಜಿನ್ ಮಾಡಿದ್ದೀಯ.

ಬ್ರೆಜಿಲ್‌ನಲ್ಲಿ ಇಪನೇಮಾ ಅಂತ ಒಂದು ಪುಟ್ಟ ವಿಮಾನ ಇದೆ, ಹೊಲಗಳಿಗೆ ಔಷಧಿ ಸಿಂಪಡಿಸುವಂಥದ್ದು. 2004ರಲ್ಲಿ ಅದಕ್ಕೆ ಎಥನಾಲ್‌ನಿಂದ ಓಡುವ ಎಂಜಿನ್‌ನೊಂದಿಗೆ ಹಾರಲು ಪರವಾನಗಿ ಸಿಕ್ಕಿತು. ಆ ದೇಶದಲ್ಲಿ ಎಥನಾಲನ್ನು ಹೆಚ್ಚಾಗಿ ಕಬ್ಬಿನಿಂದಲೇ ತೆಗೆಯುತ್ತಾರೆ. ಕಬ್ಬಿನ ಬಲದಲ್ಲಿ ವಿಮಾನ ಹಾರುತ್ತದೆ ಅನ್ನುವುದು ಹುಚ್ಚು ಮಾತಲ್ಲ, ತಿಳೀತಾ?

ಆದರೂ ಒಂದು ಮಾತು ಹೇಳಬೇಕು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ನೂರು ವರ್ಷದ ಹಿಂದೆ ‘ವೈಮಾನಿಕ ಶಾಸ್ತ್ರ’ ಅನ್ನುವ ಗ್ರಂಥ ಹೇಳಿ ಬರೆಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಅಂತ ಅದರಲ್ಲಿ ನಾಲ್ಕು ವಿಮಾನ. ಎಲ್ಲಪ್ಪ ಅನ್ನುವವರು ಚಿತ್ರ ಬರೆದುಕೊಟ್ಟರು. ಗೋಪುರದ ಹಾಗೆ ನಿಂತ ರುಕ್ಮ, ಹಕ್ಕಿಯ ರೆಕ್ಕೆಯ ಶಕುನ, ನೋಡುವುದಕ್ಕೆ ಸೊಗಸಾಗಿವೆ. ಇದು ಋಷಿಗಳ ಕಾಲದ ವಿಜ್ಞಾನ ಅಂತ ಪ್ರಚಾರವಾಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಕುಂದ ಮತ್ತು ಅವರ ಸಂಗಡಿಗರು ಕೂತು ಪರಿಶೀಲಿಸಿದರು. ಗ್ರಂಥ 1904ಕ್ಕಿಂತ ಹಿಂದಿನದಲ್ಲ, ನಾಲ್ಕರಲ್ಲಿ ಒಂದೂ ಹಾರುವಂಥದ್ದಲ್ಲ ಅಂತ ಬರೆದರು. ಆ ಚಿತ್ರಗಳನ್ನು ಕಲ್ಪನೆ ಅಂತಲೇ ಕೊಟ್ಟಿದ್ದರೆ ನಾವೆಲ್ಲ ಹೆಮ್ಮೆಯಿಂದ ಗೋಡೆಗೆ ಹಾಕಿಕೊಳ್ಳಬಹುದಿತ್ತು. ಕಲ್ಪನೆಯನ್ನು ನಿಜ ಅಂದಾಗಲೇ ಅದರ ಮರ್ಯಾದೆ ಹೋಗುವುದು. ನೀನು ಏನು ಬೇಕಾದರೂ ಕಟ್ಟು ಮಗಳೇ, ಕಲ್ಪನೆಯನ್ನು ಕಲ್ಪನೆ ಅಂತ ಹೇಳುವುದಕ್ಕೆ ಮಾತ್ರ ಯಾವತ್ತೂ ನಾಚಿಕೊಳ್ಳಬೇಡ.

ಇನ್ನೊಂದು, ಪ್ರತಿ ತುಂಡಿಗೂ ಒಂದು ಕೆಲಸ ಕೊಡು. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದ, ಟಿಪ್ಪು ಸುಲ್ತಾನನ ಕಾಲದ ರಾಕೆಟ್ಟುಗಳನ್ನೇ ನೋಡು. ಕಬ್ಬಿಣದ ಕೊಳವೆ ಮದ್ದಿನ ಒತ್ತಡ ತಡೆದುಕೊಳ್ಳುತ್ತಿತ್ತು, ಅದರಿಂದ ಅವು ದೂರ ಹೋಗುತ್ತಿದ್ದವು. ಕಟ್ಟಿದ ಉದ್ದನೆಯ ಬಿದಿರು ದಾರಿ ತಪ್ಪದ ಹಾಗೆ ನೋಡಿಕೊಳ್ಳುತ್ತಿತ್ತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇಂಗ್ಲೆಂಡಿಗೆ ಹೋದ ಅವನ್ನು ನೋಡಿಯೇ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ್ದು.

ನಿನ್ನ ವಿಮಾನದಲ್ಲಿ ಚಿಮಣಿ ಹಿಂದೆ ಇದೆ, ಬಾಲ ಭಾರವಾಗಿರುತ್ತದೆ. ಮತ್ತೆ ಕಟ್ಟುವಾಗ ಎರಡು ಬೆರಳ ಮೇಲಿಟ್ಟು ನೋಡು. ಎಲ್ಲಿ ಸಮ ನಿಲ್ಲುತ್ತದೋ ಅಲ್ಲಿಗೆ ರೆಕ್ಕೆ ತಾ. ಗಾಣ ಮುಂದಕ್ಕೆ ಹೋದರೆ ಸರಿಹೋಗಬಹುದೇನೋ. ಇಲ್ಲದಿದ್ದರೆ ಬೇರೆ ಥರ ಜೋಡಿಸು. ಎಂಟು ಗುಬುಟಿನ, ಒಂದೇ ಬಣ್ಣದ ಆರೇ ಲೆಗೊ ಇಟ್ಟಿಗೆಗಳನ್ನು 91 ಕೋಟಿಗೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದಂತೆ. ನಿನ್ನ ಹತ್ತಿರ ಒಂದು ಡಬ್ಬಿ ತುಂಬ ಇದೆ.

ಇಷ್ಟೆಲ್ಲ ಮಾಡಿದರೂ ಅದು ಹಾರುವುದಿಲ್ಲ. ಹಾರದಿದ್ದರೆ ಬೇಡ. ನೋಡಿದ್ದನ್ನು ಬಿಚ್ಚಿ, ಇಲ್ಲದ್ದೊಂದನ್ನು ಕಟ್ಟುವುದು ನಿನಗೆ ಬರುತ್ತದೆ. ಯಾರದೋ ಒಂದು ಮಾತಿಗೆ ಅದನ್ನು ಬಿಟ್ಟುಕೊಡಬೇಡ. ಇನ್ನೊಮ್ಮೆ ಯಾರಾದರೂ ‘ಹಾರುತ್ತಾ?’ ಅಂತ ಕೇಳಿದರೆ, ‘ಇದು ಹಾರಲ್ಲ, ಆದರೆ ಹಾರಬೇಕಾದರೆ ಏನೇನು ಬೇಕು ಅಂತ ಹೇಳ್ತೀನಿ, ಕೂತ್ಕೊಳ್ಳಿ’ ಅನ್ನು.

ದಸರಾಕ್ಕೆ ಬರುವಾಗ ಡಬ್ಬಿ ತಗೊಂಡು ಬಾ. ಗೊಂಬೆ ಕೂರಿಸುವಾಗ ಒಂದು ಮೆಟ್ಟಿಲು ಪೂರ್ತಿ ನಿನಗೆ.

ನಿನ್ನ ಪ್ರೀತಿಯ
ಚಿಕ್ಕಮ್ಮ